ತುಮಕೂರಿನಲ್ಲಿ ಲೈವ್ ಮ್ಯೂಸಿಕ್ ಇರುವ ಬಾರ್ ಇದೆಯಾ, ಇಲ್ಲ ಬೆಂಗಳೂರಿಗೇ ಹೋಗಬೇಕಾ?

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ ತುಮಕೂರಿಗೆ ಹೊಸದಾಗಿ ಬಂದಿದ್ದೀರಿ. ಶನಿವಾರ ರಾತ್ರಿ ಗೆಳೆಯರ ಜೊತೆ ಒಂದೆರಡು ಬಿಯರ್ ಕುಡಿಯುತ್ತಾ, ಎದುರಿಗೇ ಯಾರಾದರೂ ಹಾಡುವುದನ್ನು ಕೇಳಬೇಕು, ಅಂಥ ಜಾಗ ಊರಲ್ಲಿ ಎಲ್ಲಿದೆ ಅಂತ ಕೇಳಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ. ಕುಡಿಯುವ ಜಾಗ ತುಮಕೂರಿನಲ್ಲಿ ಬೇಕಾದಷ್ಟಿವೆ. ಹಾಡು ಕೇಳುವ ಜಾಗವೂ ಇವೆ. ಎರಡೂ ಒಂದೇ ಕಡೆ ಬೇಕು ಅಂದರೆ ಬೆಂಗಳೂರಿನ ಬಸ್ಸು ಹತ್ತಬೇಕು. ಆದರೆ ಹತ್ತುವ ಮುಂಚೆ ಇದನ್ನು ಓದಿ. ಹಾಡಿನ ಮಟ್ಟಿಗೆ ನೀವು ಸರಿಯಾದ ಊರಿಗೇ ಬಂದಿದ್ದೀರಿ ಅನ್ನುವುದು ನನ್ನ ವಾದ.

ನಾನು ಇದೇ ಊರಿನವನು. ಕಾಲೇಜಿನ ದಿನಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸುತ್ತಿದ್ದೆ. ಹಾಗಾಗಿ ಸ್ಟೇಜಿನ ಕಡೆಯ ಕಥೆಯೂ ಗೊತ್ತು, ಟೇಬಲ್ಲಿನ ಕಡೆಯ ಕಥೆಯೂ ಗೊತ್ತು.

ಮೊದಲು ಬಾರ್ ವಿಷಯ ಮುಗಿಸೋಣ, ಅದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಬಿ.ಎಚ್. ರಸ್ತೆಯಲ್ಲಿ ನಡೆದು ಹೋದರೆ ಸಾಕು, ಬಾರ್ ಅಂಡ್ ರೆಸ್ಟೋರೆಂಟ್ ಬೋರ್ಡುಗಳು ತಾವಾಗಿಯೇ ಕಾಣುತ್ತವೆ. ಕೆಳಗೆ ಜನರಲ್, ಮೆಟ್ಟಿಲು ಹತ್ತಿದರೆ ಎಸಿ ಇಲ್ಲವೇ ಫ್ಯಾಮಿಲಿ ಸೆಕ್ಷನ್. ಜನರಲ್‌ನಲ್ಲಿ ಗಲಾಟೆ, ಆದರೆ ಅಡುಗೆ ಬೇಗ ಬರುತ್ತದೆ. ಹೈವೇ ಪಕ್ಕದವು ಗಾರ್ಡನ್ ಥರ, ಮರದ ಕೆಳಗೆ ಟೇಬಲ್ ಹಾಕಿರುತ್ತಾರೆ. ಹೆಣ್ಣುಮಕ್ಕಳೂ ಜೊತೆಗಿದ್ದರೆ ಅಲ್ಲಿಗೇ ಹೋಗಿ, ಊರೊಳಗಿನ ಜನರಲ್ ಬೇಡ. ಬಿಯರ್ ತಣ್ಣಗಿರುತ್ತದೆ, ಕಬಾಬ್ ಬಿಸಿ ಇರುತ್ತದೆ, ಮಸಾಲೆ ಕಡ್ಲೆಬೀಜಕ್ಕೆ ಈರುಳ್ಳಿ, ನಿಂಬೆಹಣ್ಣು ಧಾರಾಳ. ಗೋಡೆಯ ಟಿವಿಯಲ್ಲಿ ಕ್ರಿಕೆಟ್. ಅಲ್ಲಿ ಸ್ಪೀಕರಿನಿಂದ ಕೇಳುವ ಒಂದೇ ದನಿ ಅಂದರೆ, ಗಲ್ಲಾಪೆಟ್ಟಿಗೆ ಮೇಲಿರುವ ಡಬ್ಬಿ ಇಷ್ಟು ರೂಪಾಯಿ ಬಂತು ಅಂತ ಕೂಗುವುದು. ಹನ್ನೊಂದು ಆಗುತ್ತಿದ್ದ ಹಾಗೆ ಸಪ್ಲೈಯರ್ ಬಂದು ಲಾಸ್ಟ್ ಆರ್ಡರ್ ಸಾರ್ ಅನ್ನುತ್ತಾನೆ. ಅಷ್ಟೇ.

ಯಾಕೆ ಇಲ್ಲಿ ಯಾರೂ ಒಂದು ಗಿಟಾರ್ ಹಿಡಿದು ಕೂರುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಒಂದು ಕಾರಣ ಲೈಸೆನ್ಸು. ಅಬಕಾರಿ ಇಲಾಖೆ ಕೊಡುವ ಸಿಎಲ್-9 ಬಾರ್‌ಗೆ, ಸಿಎಲ್-7 ರೂಮುಗಳಿರುವ ಹೋಟೆಲ್‌ಗೆ, ಸಿಎಲ್-2 ಬಾಟಲಿ ಕೊಂಡು ಮನೆಗೆ ಹೋಗುವ ವೈನ್ಸ್ ಅಂಗಡಿಗೆ. ಇವೆಲ್ಲ ಮದ್ಯದ ಲೆಕ್ಕ ಮಾತ್ರ. ಹಾಡು, ಕುಣಿತಕ್ಕೆ ಪೊಲೀಸರ ಕಡೆಯಿಂದ ಬೇರೆ ಅನುಮತಿ. ಬೆಂಗಳೂರಿನಲ್ಲಿ ಇದಕ್ಕೆ ಅಂತಲೇ 2005ರ ಒಂದು ಆದೇಶ ಇದೆ. ಅದರ ಮೇಲೆ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷ ಇಂದಿರಾನಗರದ ಎಷ್ಟೋ ಪಬ್‌ಗಳಲ್ಲಿ ಬ್ಯಾಂಡ್‌ಗಳು ಸದ್ದಿಲ್ಲದೆ ನಿಂತವು. ದುಡ್ಡಿರುವ ಅವರಿಗೇ ಆ ಪಾಡು, ಇನ್ನು ಗುಬ್ಬಿ ಗೇಟ್ ಹತ್ತಿರದ ಬಾರ್ ಮಾಲೀಕ ಆ ತಲೆನೋವು ಯಾಕೆ ತಗೊಳ್ಳುತ್ತಾನೆ?

ಇನ್ನೊಂದು ಕಾರಣ ನಮ್ಮ ಗಿರಾಕಿ. ಕ್ವಾರ್ಟರ್ ತರಿಸಿ, ಒಂದು ಬೋಟಿ ಹೇಳಿ, ಮುಕ್ಕಾಲು ಗಂಟೆಯಲ್ಲಿ ಎದ್ದು ಹೋಗುವವನು ಹಾಡು ಕೇಳಲಿಕ್ಕೆ ಅಂತ ನೂರು ರೂಪಾಯಿ ಜಾಸ್ತಿ ಕೊಡುವುದಿಲ್ಲ. ನಾಲ್ಕು ಜನರ ತಂಡಕ್ಕೆ ಒಂದು ರಾತ್ರಿಯ ಸಂಬಳ, ಸೌಂಡು, ಗಾಡಿ ಬಾಡಿಗೆ ಕೂಡಿಸಿದರೆ ಅದು ಯಾವ ಟೇಬಲ್ಲಿನಿಂದಲೂ ಹುಟ್ಟುವುದಿಲ್ಲ.

ಈಗ ಹಾಡಿನ ವಿಷಯ.

ನೀವು ಬಂದಿರುವುದು ಗಣೇಶನ ಹಬ್ಬದ ಆಸುಪಾಸಿನಲ್ಲಾದರೆ ಅದೃಷ್ಟವಂತರು. ಅಲ್ಲಿಂದ ನವೆಂಬರ್ ರಾಜ್ಯೋತ್ಸವ ಮುಗಿಯುವವರೆಗೂ ಊರಲ್ಲಿ ವಾರಕ್ಕೆ ಒಂದಾದರೂ ರಸಮಂಜರಿ ಇರುತ್ತದೆ. ರಸ್ತೆಗೆ ಅಡ್ಡಲಾಗಿ ಪೆಂಡಾಲ್, ಪ್ಲಾಸ್ಟಿಕ್ ಕುರ್ಚಿ, ಮೇಲೆ ಎಲ್‌ಇಡಿ. ಒಬ್ಬ ಕೀಬೋರ್ಡ್, ಒಬ್ಬ ಪ್ಯಾಡ್, ಒಬ್ಬ ತಬಲಾ ಅಥವಾ ಡೋಲಕ್, ಇಬ್ಬರು ಮೂವರು ಹಾಡುವವರು. ಮೊದಲು ಗಣೇಶನ ಹಾಡು, ಆಮೇಲೆ ಕಡ್ಡಾಯವಾಗಿ ಅಣ್ಣಾವ್ರ ಹಾಡು. ಅದು ಇಲ್ಲದಿದ್ದರೆ ಮುಂದಿನ ಸಾಲಿನ ಹಿರಿಯರು ಎದ್ದು ಬರುತ್ತಾರೆ. ಒಂಬತ್ತೂವರೆ ಮೇಲೆ ಹೊಸ ಹಾಡು, ಹುಡುಗರ ಕುಣಿತ. ಚೀಟಿಯಲ್ಲಿ ಹಾಡು ಬರೆದು ಕೊಟ್ಟರೆ ಹಾಡುತ್ತಾರೆ, ಕೊಡುವವರ ಹೆಸರು ಮೈಕಿನಲ್ಲಿ ಹೇಳುತ್ತಾರೆ, ಅದಕ್ಕೇ ಚೀಟಿ ಜಾಸ್ತಿ ಬರುವುದು.

ಈಗೀಗ ಕೆಲವು ತಂಡಗಳು ಮೊದಲೇ ರೆಕಾರ್ಡ್ ಮಾಡಿದ ವಾದ್ಯದ ಟ್ರ್ಯಾಕ್ ಹಾಕಿಕೊಂಡು ಮೇಲೆ ಬರೀ ಹಾಡುತ್ತವೆ. ಅಂಥದ್ದಾದರೆ ಎದ್ದು ಹೋಗಿ, ಅದು ಲೈವ್ ಅಲ್ಲ. ಪ್ಯಾಡ್ ಬಾರಿಸುವವನ ಕೈ ನೋಡಿ, ಗೊತ್ತಾಗುತ್ತದೆ. ಹಾಡು ಶುರುವಾದ ಮೇಲೂ ಅವನು ನೀರು ಕುಡಿಯುತ್ತಾ ಕೂತಿದ್ದರೆ ಟ್ರ್ಯಾಕೇ.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ ಅನ್ನುವುದು 2000ದ ಶಬ್ದ ಮಾಲಿನ್ಯ ನಿಯಮ. ಹಬ್ಬಗಳಿಗೆ ವರ್ಷದಲ್ಲಿ 15 ದಿನದವರೆಗೆ ಮಧ್ಯರಾತ್ರಿ ತನಕ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಹಾಗಾಗಿ ಏಳೂವರೆಗೇ ಹೋಗಿ ಕೂತುಕೊಳ್ಳಿ. ಇನ್ನೊಂದು ವಿಷಯ. ದೊಡ್ಡ ಗಣಪತಿ ಬಿಡುವ ದಿನ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು ಮದ್ಯದಂಗಡಿ ಮುಚ್ಚಿಸುತ್ತಾರೆ. ಊರಲ್ಲಿ ವಾದ್ಯ, ತಮಟೆ, ಡೊಳ್ಳು ಜೋರಾಗಿರುವ ರಾತ್ರಿಯೇ ಬಾರ್ ಬಂದ್! ಎರಡೂ ಒಟ್ಟಿಗೆ ಸಿಗುವುದಿಲ್ಲ ಅಂದೆನಲ್ಲ, ಇದು ಅದರ ತುತ್ತತುದಿ.

ದಸರಾ ಹೊತ್ತಿಗೆ ಬೇರೆ ಮಟ್ಟದ್ದು ಸಿಗುತ್ತದೆ. 2024ರಲ್ಲಿ ಜಿಲ್ಲಾಡಳಿತ ತುಮಕೂರು ದಸರಾವನ್ನು ಜೂನಿಯರ್ ಕಾಲೇಜು ಮೈದಾನದಲ್ಲಿ ದೊಡ್ಡದಾಗಿ ಮಾಡಿತು, ಸಿನಿಮಾ ಗಾಯಕರೂ ಬಂದು ಹಾಡಿದರು. ಅಲ್ಲಿ ಜನಜಂಗುಳಿ ಅಂದರೆ ಜನಜಂಗುಳಿ. ಶಾಂತವಾಗಿ ಕೂತು ಕೇಳಬೇಕು ಅನ್ನುವವರಿಗೆ ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಅಮಾನಿಕೆರೆಯ ಗಾಜಿನ ಮನೆ ಇವೆ. ಸುಗಮ ಸಂಗೀತ, ಭಾವಗೀತೆ, ಆಗಾಗ ಹವ್ಯಾಸಿ ನಾಟಕ. ಬಹಳಷ್ಟು ಕಾರ್ಯಕ್ರಮಕ್ಕೆ ಟಿಕೆಟ್ಟೇ ಇರುವುದಿಲ್ಲ. ಮುಂಚೆ ಒಂದೂವರೆ ಗಂಟೆ ಭಾಷಣ ಸಹಿಸಬೇಕು, ಅದೇ ಅದರ ಬೆಲೆ.

ನಾನು ನಿಮ್ಮನ್ನು ನಿಜವಾಗಿ ಕಳಿಸಬೇಕು ಅಂದುಕೊಂಡಿರುವುದು ಬೇರೆ ಕಡೆಗೆ. ಹಳ್ಳಿಯ ಪೌರಾಣಿಕ ನಾಟಕಕ್ಕೆ.

ಇದು ಗುಬ್ಬಿ ನಾಟಕ ಕಂಪನಿಯ ಜಿಲ್ಲೆ ಅನ್ನುವುದು ನೆನಪಿರಲಿ. 1884ರಲ್ಲಿ, ಇಲ್ಲಿಂದ ಬರೀ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ ಶುರುವಾದ ಕಂಪನಿ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮೂವರೂ ಸಿನಿಮಾಗೆ ಹೋಗುವ ಮುಂಚೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಕಂಪನಿ ಕಾಲ ಹೋಯಿತು, ಆದರೆ ಹುಚ್ಚು ಹಳ್ಳಿಗಳಲ್ಲಿ ಹಾಗೇ ಉಳಿಯಿತು. ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯಿಂದ ಮೇ ತಿಂಗಳವರೆಗೆ, ಊರ ಹಬ್ಬ, ಜಾತ್ರೆ ಅಂತ ನೆಪ ಸಿಕ್ಕಲ್ಲೆಲ್ಲ ಕುರುಕ್ಷೇತ್ರದ ನಾಟಕ ಕಟ್ಟುತ್ತಾರೆ.

ಆಡುವವರು ಯಾರು ಗೊತ್ತಾ? ತೆಂಗಿನ ತೋಟದವರು, ಬೆಸ್ಕಾಂ ಲೈನ್‌ಮನ್, ಬಸ್ ಕಂಡಕ್ಟರ್, ಪ್ರೈಮರಿ ಸ್ಕೂಲ್ ಮೇಷ್ಟ್ರು. ಪಾತ್ರ ಮಾಡಿದ್ದಕ್ಕೆ ಅವರಿಗೆ ದುಡ್ಡು ಕೊಡುವುದಿಲ್ಲ, ಪಾತ್ರ ಬೇಕಾದರೆ ಅವರೇ ಕೊಡಬೇಕು. ದುರ್ಯೋಧನನಿಗೆ ರೇಟು ಜಾಸ್ತಿ. ಕೃಷ್ಣ, ಕರ್ಣ, ಭೀಮ ಆಮೇಲೆ. ಸೈನಿಕನಿಗೆ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಲೈಟು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಎಲ್ಲ. ತಿಂಗಳುಗಟ್ಟಲೆ ಸಂಜೆ ಹೊತ್ತು ದೇವಸ್ಥಾನದ ಜಗುಲಿಯಲ್ಲೋ ಶಾಲೆ ರೂಮಿನಲ್ಲೋ ಪ್ರಾಕ್ಟೀಸು. ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಇಡೀ ನಾಟಕದ ಯಜಮಾನರು ಅವರೇ.

ಸಂಗೀತ ಇರುವುದು ಅಲ್ಲಿ. ಮೇಷ್ಟ್ರು ಕಾಲಲ್ಲಿ ಗಾಳಿ ತುಂಬುವ ಹಾರ್ಮೋನಿಯಂ ಮುಂದೆ ಕೂತಿರುತ್ತಾರೆ, ಎರಡೂ ಕೈ ಅದರ ಕೀಗಳ ಮೇಲೆ. ಪಕ್ಕದಲ್ಲಿ ತಬಲಾ, ಈಗ ಕೀಬೋರ್ಡೂ ಸೇರಿದೆ. ಪಾತ್ರಧಾರಿ ಎರಡು ಸಾಲು ಮಾತಾಡಿ ಕಂದಪದ್ಯ ಎತ್ತುತ್ತಾನೆ. ಪದ್ಯ ಮುಗಿಯುವ ಕಡೆ ಬಿಡುವುದಿಲ್ಲ, ಕೊನೆಯ ಅಕ್ಷರ ಹಿಡಿದು ಮೇಲೆ ಮೇಲೆ ಎಳೆಯುತ್ತಾನೆ. ಮೇಷ್ಟ್ರು ಹಿಂದೆ ಅಟ್ಟಿಸಿಕೊಂಡು ಬರುತ್ತಾರೆ. ಅವನು ಒಂದು ತಿರುವು ತಗೊಂಡರೆ ಇವರು ಅದನ್ನೇ ತಿರುಗಿಸಿ ಕೊಡುತ್ತಾರೆ. ಹಗಲು ಕರೆಂಟ್ ಕಂಬ ಹತ್ತುವ ಮನುಷ್ಯನ ಗಂಟಲಿನಿಂದ ಮೈಕ್ ಇಲ್ಲದಿದ್ದರೂ ಅರ್ಧ ಊರಿಗೆ ಕೇಳುವ ದನಿ ಬರುತ್ತದೆ. ಜನ ಒನ್ಸ್ ಮೋರ್ ಅಂತ ಕೂಗುತ್ತಾರೆ, ಅವನು ನಿಜವಾಗಲೂ ಇನ್ನೊಮ್ಮೆ ಹಾಡುತ್ತಾನೆ. ನನಗೆ ಪಬ್‌ನಲ್ಲಿ ಕೇಳಿದ ಯಾವ ಗಿಟಾರ್ ಸೋಲೋ ಕೂಡ ಅಷ್ಟು ರೋಮಾಂಚನ ಕೊಟ್ಟಿಲ್ಲ.

ಮಧ್ಯೆ ಮಧ್ಯೆ ತಮಾಷೆಯೂ ಇದೆ. ದುರ್ಯೋಧನ ಗದೆ ಎತ್ತಿ ಆರ್ಭಟಿಸುತ್ತಿರುತ್ತಾನೆ, ಅಷ್ಟರಲ್ಲಿ ಅವನ ಭಾವಮೈದ ಸ್ಟೇಜ್ ಹತ್ತಿ ನೋಟಿನ ಹಾರ ಹಾಕುತ್ತಾನೆ. ಯುದ್ಧ ನಿಲ್ಲುತ್ತದೆ. ಫೋಟೋ ಆಗುತ್ತದೆ. ಮೈಕಿನಲ್ಲಿ ಇಂಥ ಊರಿನ ಇಂಥವರಿಂದ ಇಷ್ಟು ರೂಪಾಯಿ ಅಂತ ಘೋಷಣೆ ಆಗುತ್ತದೆ. ಭೀಮ ಪಾಪ ಪಕ್ಕದಲ್ಲಿ ಕಾಯುತ್ತಿರುತ್ತಾನೆ. ಆಮೇಲೆ ಯುದ್ಧ ಬಿಟ್ಟ ಕಡೆಯಿಂದ ಶುರು.

ಒಂಬತ್ತಕ್ಕೆ ಅಂತ ಪೋಸ್ಟರಿನಲ್ಲಿ ಇರುತ್ತದೆ, ಹತ್ತರ ಮೇಲೆ ಪರದೆ ಏಳುತ್ತದೆ, ಬೆಳಗಾಗುವವರೆಗೂ ನಡೆಯುತ್ತದೆ. ಪೂರ್ತಿ ಕೂರುವುದು ನಿಮ್ಮಿಂದ ಆಗದು. ಕೃಷ್ಣ ಸಂಧಾನಕ್ಕೆ ಬರುವ ಭಾಗ ಮಾತ್ರ ಬಿಡಬೇಡಿ, ಒಳ್ಳೆಯ ಪದ್ಯಗಳೆಲ್ಲ ಅಲ್ಲೇ ಇವೆ. ಸ್ಟೇಜಿಗೆ ಹತ್ತಿರ, ಹಾರ್ಮೋನಿಯಂ ಇರುವ ಬದಿಗೆ ಕೂತುಕೊಳ್ಳಿ. ಕುಡಿದು ಹೋಗಬೇಡಿ ಅಂತ ಉಪದೇಶ ಮಾಡಲ್ಲ, ಟೆಂಟಿನ ಹಿಂದೆ ಕತ್ತಲಲ್ಲಿ ಊರವರೂ ಒಂದೊಂದು ಕ್ವಾರ್ಟರ್ ಮುಗಿಸಿರುತ್ತಾರೆ. ಆದರೆ ಮುಂದೆ ಚಾಪೆ ಹಾಸಿ ಕೂತಿರುವವರು ಹೆಂಗಸರು, ಮಕ್ಕಳು, ಅಜ್ಜಿಯರು. ತೂರಾಡಿಕೊಂಡು ಹೋದರೆ ಹೊರಗಿನವರಾದ ನಿಮಗೆ ಮರ್ಯಾದೆ ಇರುವುದಿಲ್ಲ. ಪೋಸ್ಟರುಗಳು ಬಸ್‌ಸ್ಟ್ಯಾಂಡ್ ಸುತ್ತಲಿನ ಗೋಡೆಗಳ ಮೇಲೆ ಇರುತ್ತವೆ. ನಿಮ್ಮ ಫ್ಯಾಕ್ಟರಿಯಲ್ಲಿ ಕೊರಟಗೆರೆ, ಗುಬ್ಬಿ, ಶಿರಾ ಕಡೆಯ ಹುಡುಗರು ಇದ್ದೇ ಇರುತ್ತಾರೆ. ಕೇಳಿ ನೋಡಿ, ಯಾರದೋ ಚಿಕ್ಕಪ್ಪ ಶಕುನಿ ಆಗಿರುತ್ತಾರೆ.

ಇಷ್ಟು ಹೇಳಿದ ಮೇಲೂ ನಿಮಗೆ ಕೈಯಲ್ಲಿ ಗ್ಲಾಸ್ ಇರಲೇಬೇಕು, ಎದುರಿಗೆ ಬ್ಯಾಂಡ್ ಇರಲೇಬೇಕು ಅಂದರೆ, ಸರಿ, ಬೆಂಗಳೂರು. 70 ಕಿಲೋಮೀಟರ್. 2024ರ ನವೆಂಬರಿನಿಂದ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೂ ಬಂದಿದೆ. ತುಮಕೂರಿನಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಯಲ್ಲಿ ಇಳಿಯಿರಿ. ಪೀಣ್ಯ, ಯಶವಂತಪುರದ ಟ್ರಾಫಿಕ್ಕಿನಿಂದ ಬಚಾವ್. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ ಎಲ್ಲ ಅಲ್ಲಿಂದ ನಡೆಯುವ ದೂರ. ಬ್ರಿಗೇಡ್ ರಸ್ತೆ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಿಂದ ಇರುವ ಪೆಕೋಸ್ ಇದೆ. ಹಳೇ ರಾಕ್ ಹಾಡು ಇಷ್ಟ ಇರುವವರ ಅಡ್ಡಾ, ಬಿಲ್ಲೂ ಹಗುರ, ಆದರೆ ಕೇಳುವುದು ಹೆಚ್ಚಾಗಿ ರೆಕಾರ್ಡೇ. ಬ್ಯಾಂಡ್ ನೋಡಬೇಕಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಹಾರ್ಡ್ ರಾಕ್ ಕೆಫೆ, ಕೋರಮಂಗಲದ ಫ್ಯಾಂಡಮ್ ಥರದ ಜಾಗಗಳು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಜಾಝ್ ಚೆನ್ನಾಗಿರುತ್ತದೆ, ಬಿಯರನ್ನೂ ಅವರೇ ತಯಾರಿಸುತ್ತಾರೆ. ಆದರೆ ತುಮಕೂರಿನಿಂದ ಹೋಗುವವರಿಗೆ ಅದು ಊರಿನ ಆ ತುದಿ, ಒಂದು ರಾತ್ರಿಗೆ ಆಗುವ ಕೆಲಸ ಅಲ್ಲ. ದೊಡ್ಡ ಕಾರ್ಯಕ್ರಮಗಳಿಗೆ ಮೊದಲೇ ಫೋನಿನಲ್ಲಿ ಟಿಕೆಟ್ ಮಾಡಿಸಿ. ಖರ್ಚು? ತುಮಕೂರಿನಲ್ಲಿ ನಾಲ್ಕು ಜನ ಕುಡಿದು ತಿಂದ ಬಿಲ್ಲು ಅಲ್ಲಿ ಒಬ್ಬರದು.

ತೊಂದರೆ ಇರುವುದು ವಾಪಸ್ ಬರುವುದರಲ್ಲಿ. ಬೆಂಗಳೂರಿನ ಬಾರ್‌ಗಳಿಗೆ ರಾತ್ರಿ 1ರವರೆಗೆ ಅನುಮತಿ ಇದೆ. ಬ್ಯಾಂಡ್ ಬಿಸಿಯಾಗುವುದೇ ಹತ್ತೂವರೆ ಹೊತ್ತಿಗೆ. ಮೆಟ್ರೋ ಮುಗಿಯುವುದು ಹನ್ನೊಂದರ ಆಸುಪಾಸು. ಹಾಗಾಗಿ ಮೆಟ್ರೋ ಹೋಗುವುದಕ್ಕೆ ಮಾತ್ರ, ಬರುವುದಕ್ಕೆ ಅಲ್ಲ ಅಂತ ಲೆಕ್ಕ ಇಟ್ಟುಕೊಳ್ಳಿ. ನಿಮ್ಮ ಗಾಡಿ ತಗೊಂಡು ಹೋಗಲೇಬೇಡಿ. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಎರಡು ಗಂಟೆಗೆ ನೆಲಮಂಗಲ, ಡಾಬಸ್‌ಪೇಟೆ ಮಧ್ಯೆ ಲೈಟ್ ಇಲ್ಲದೆ ನಿಂತಿರುವ ಲಾರಿಗಳನ್ನು ನೋಡಿದವರು ಯಾರೂ ಕುಡಿದು ಆ ರಸ್ತೆಗೆ ಇಳಿಯುವುದಿಲ್ಲ.

ದಾರಿ ಎರಡಿವೆ. ಗಾಂಧಿನಗರದಲ್ಲಿ ಸಾಧಾರಣ ಲಾಡ್ಜ್ ಮಾಡಿ ಬೆಳಗ್ಗೆ ಬನ್ನಿ. ಇಲ್ಲದಿದ್ದರೆ ಮೆಜೆಸ್ಟಿಕ್‌ಗೆ ಆಟೋದಲ್ಲಿ ಹೋಗಿ ರಾತ್ರಿ ಬಸ್ ಹಿಡಿಯಿರಿ. ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದ ಬಸ್ಸುಗಳೆಲ್ಲ ನಮ್ಮ ಊರಿನ ಮೇಲೇ ಹೋಗುವುದು, ಅದೊಂದು ಪುಣ್ಯ. ಹತ್ತುವಾಗಲೇ ಊರೊಳಗೆ ಹೋಗುತ್ತಾ ಅಂತ ಕಂಡಕ್ಟರ್‌ನ ಕೇಳಿ. ಕೇಳದಿದ್ದರೆ ಬೈಪಾಸಿನಲ್ಲಿ ಇಳಿಸಿ ಹೋಗುತ್ತಾರೆ, ಆ ಹೊತ್ತಿನಲ್ಲಿ ಅಲ್ಲಿ ಆಟೋ ಸಿಗುವುದಿಲ್ಲ. ಕ್ಯಾತ್ಸಂದ್ರ ಅಥವಾ ಬಟವಾಡಿಯಲ್ಲಿ ಇಳಿಸಿದರೆ ಪರವಾಗಿಲ್ಲ, ಹೇಗೋ ರೂಮು ಸೇರಬಹುದು.

ಬೆಂಗಳೂರಿನ ಪಯಣಕ್ಕೆ ಜೂನ್, ಜುಲೈ ಇಟ್ಟುಕೊಳ್ಳಿ. ಆಗ ಇಲ್ಲಿ ಮಳೆ, ಬಿತ್ತನೆ, ನಾಟಕವೂ ಇಲ್ಲ, ರಸಮಂಜರಿಯೂ ಇಲ್ಲ.