ಎಲೆನ್ ವಿಲ್ಕಿನ್ಸನ್ ಪೂರ್ತಿ ದಾರಿ ನಡೆದರೇ?

ಇಂಗ್ಲೆಂಡಿನ ಜ್ಯಾರೋ ಪಟ್ಟಣದ ನಿರುದ್ಯೋಗಿಗಳು 1936ರಲ್ಲಿ ಲಂಡನ್‌ಗೆ ಹೊರಟ ಪಾದಯಾತ್ರೆಯಲ್ಲಿ ಅಲ್ಲಿನ ಲೇಬರ್ ಸಂಸದೆ ಎಲೆನ್ ವಿಲ್ಕಿನ್ಸನ್ ಕೊನೆಯವರೆಗೂ ನಡೆದರೇ, ಅದರಿಂದ ಏನಾದರೂ ಗಿಟ್ಟಿತೇ ಎಂದು ಕೇಳಿದ್ದೀರಿ. ಪೂರ್ತಿ ನಡೆಯಲಿಲ್ಲ. ನಡುವೆ ಎಡಿನ್‌ಬರೋದಲ್ಲಿದ್ದ ಲೇಬರ್ ಪಕ್ಷದ ಸಮ್ಮೇಳನಕ್ಕೆ ಹೋಗಿ ಬಂದರು. ಅಲ್ಲಿ ಸ್ವಂತ ಪಕ್ಷದವರೇ ಯಾತ್ರೆಗೆ ಬೆನ್ನು ತಟ್ಟಲಿಲ್ಲ ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

ಜ್ಯಾರೋದ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಇನ್ನೂರು ಗಂಡಸರು ಊರಿಗೆ ಕೆಲಸ ಕೊಡಿ ಎಂಬ ಸಾವಿರಾರು ಸಹಿಗಳ ಮನವಿಯನ್ನು ಓಕ್ ಮರದ ಪೆಟ್ಟಿಗೆಯಲ್ಲಿಟ್ಟು ಲಂಡನ್‌ವರೆಗೆ ಸುಮಾರು 450 ಕಿಲೋಮೀಟರ್ ಹೊತ್ತರು. ಐದಡಿಯೂ ಇಲ್ಲದ, ಕೆಂಗೂದಲಿನ ಈ ಸಂಸದೆ ಅದನ್ನು ಸದನಕ್ಕೆ ಸಲ್ಲಿಸಿದರು. ಪ್ರಧಾನಿ ಬಾಲ್ಡ್‌ವಿನ್ ಯಾತ್ರಿಗಳನ್ನು ಭೇಟಿಯಾಗಲೂ ಒಪ್ಪಲಿಲ್ಲ. ಸಾಲದ್ದಕ್ಕೆ, ನಡೆಯುತ್ತಿದ್ದ ದಿನಗಳಲ್ಲಿ ಕೆಲಸಕ್ಕೆ ಸಿಗುತ್ತಿರಲಿಲ್ಲವೆಂದು ಅವರ ನಿರುದ್ಯೋಗ ಭತ್ಯೆಗೂ ಕತ್ತರಿ ಬಿತ್ತು! ಕೂಡಲೇ ಗಿಟ್ಟಿದ್ದು ಇಷ್ಟೇ.

ಆದರೆ ವಿಲ್ಕಿನ್ಸನ್ ಅವರನ್ನು ಬರೀ ಜ್ಯಾರೋಗೆ ಕಟ್ಟಿಹಾಕಬೇಡಿ. 1915ರಿಂದಲೇ ಸಹಕಾರಿ ನೌಕರರ ಸಂಘದ ಸಂಘಟಕಿಯಾಗಿದ್ದವರು. ಕಂತಿನ ಖರೀದಿದಾರರನ್ನು ರಕ್ಷಿಸುವ 1938ರ ಕಾನೂನು ಅವರದೇ ಖಾಸಗಿ ಸದಸ್ಯ ಮಸೂದೆ. 1945ರಲ್ಲಿ ಶಿಕ್ಷಣ ಸಚಿವೆಯಾಗಿ, ಕಡ್ಡಾಯ ಶಾಲಾ ವಯಸ್ಸನ್ನು 15ಕ್ಕೆ ಏರಿಸಲು ಸಂಪುಟದಲ್ಲಿ ಹಟ ಹಿಡಿದು ಗೆದ್ದರು. ನಮಗೂ ನಂಟಿದೆ: 1932ರಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ಬ್ರಿಟನ್ನಿನಲ್ಲಿ ದುಡಿಯುತ್ತಿದ್ದ ಇಂಡಿಯಾ ಲೀಗ್ ಸಂಘಟನೆಯ, ಕೃಷ್ಣ ಮೆನನ್ ಜೊತೆಗಿದ್ದ ನಿಯೋಗದಲ್ಲಿ ಭಾರತಕ್ಕೆ ಬಂದಿದ್ದರು.