ಆ ಸ್ಕರ್ಟಿಗೆ ಇಸ್ತ್ರಿ ಹಾಕಿದವರು ಯಾರು?

(ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಡುತ್ತಿರುವವರು ಅಮೆರಿಕದ ಒಹಾಯೊ ರಾಜ್ಯದ ಸರ್ಕಾರಿ ಹೈಸ್ಕೂಲಿನಲ್ಲಿ 19 ವರ್ಷ ಇತಿಹಾಸ ಪಾಠ ಮಾಡಿ, ಈಗ ಹಾಸನದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ.)

ಪ್ರಶ್ನೆ: ಮೇಡಂ, ನನ್ನ ಮೊಮ್ಮಗಳು ನ್ಯೂಜೆರ್ಸಿಯಲ್ಲಿ 11ನೇ ತರಗತಿ ಓದುತ್ತಿದ್ದಾಳೆ. ಹಿಸ್ಟರಿ ಕ್ಲಾಸಿನಲ್ಲಿ ಮಕ್ಕಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಅಮೆರಿಕದ ಒಂದೊಂದು ದಶಕ ಕೊಟ್ಟಿದ್ದಾರಂತೆ. ಇವಳಿಗೆ 1950ರ ದಶಕ ಬಂದಿದೆ. ಚುಕ್ಕಿ ಚುಕ್ಕಿ ಅಗಲ ಸ್ಕರ್ಟ್ ಹಾಕಿ, ಕೂದಲಿಗೆ ರಿಬ್ಬನ್ ಕಟ್ಟಿ ಫೋಟೋ ಕಳಿಸಿದ್ದಾಳೆ. ನೋಡೋಕೆ ಚೆನ್ನಾಗಿದೆ. ಆದರೆ ಇದು ಇತಿಹಾಸದ ಪಾಠವಾ, ಸ್ಕೂಲ್ ಡೇ ವೇಷವಾ? ನಾವು ರಾಜರು, ಯುದ್ಧ, ಇಸವಿ ಬಾಯಿಪಾಠ ಮಾಡಿದವರು.
— ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಬರೀ ವೇಷಕ್ಕೆ ನಿಂತರೆ ಅದು ವೇಷವೇ. ನಾನೂ ಮೊದಲ ಮೂರು ವರ್ಷ ಹಾಗೇ ಮಾಡಿಸಿದೆ. 20ರ ದಶಕಕ್ಕೆ ಮುತ್ತಿನ ಸರ, 60ಕ್ಕೆ ಹೂವಿನ ಅಂಗಿ, 80ಕ್ಕೆ ಉಬ್ಬಿಸಿದ ಕೂದಲು. ಗೋಡೆ ತುಂಬ ಚಾರ್ಟು. ಮಕ್ಕಳಿಗೆ ಖುಷಿ, ನನಗೂ ಖುಷಿ.

ನಾಲ್ಕನೇ ವರ್ಷ ಒಬ್ಬ ಹುಡುಗಿ ವೇಷ ಹಾಕದೆ ಬಂದಳು. ಕಪ್ಪು ಜನರ ಮನೆಯ ಮಗು. ಅವಳಿಗೂ 1950ರ ದಶಕವೇ ಬಂದಿತ್ತು. ಬ್ಯಾಗಿನಿಂದ ಒಂದು ಬಿಳಿ ಏಪ್ರನ್ ತೆಗೆದಳು. "ನಮ್ಮಜ್ಜಿ ಅಲಬಾಮಾದಲ್ಲಿ ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದರು. ಇಂಥ ಸ್ಕರ್ಟು ಅವರು ಹಾಕಿಕೊಳ್ಳಲಿಲ್ಲ, ಇಸ್ತ್ರಿ ಮಾಡಿದರು. ನಾನು ಯಾವುದು ಹಾಕಿಕೊಳ್ಳಲಿ?" ಅಂತ ಕೇಳಿದಳು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಅವಳು ಏಪ್ರನ್ ಮಡಿಸಿಕೊಂಡು ಮನೆಗೆ ಹೋದಳು. ನಾನು ಚಾರ್ಟುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಆ ಅಜ್ಜಿ ಯಾವ ಚಾರ್ಟಿನಲ್ಲೂ ಇರಲಿಲ್ಲ.

ಮುಂದಿನ ವರ್ಷದಿಂದ ಪಾಠದ ದಾರಿ ಬದಲಿಸಿದೆ. ಬೇಕಾದವರು ವೇಷ ಹಾಕಲಿ. ಆದರೆ ಪ್ರತಿ ಗುಂಪೂ ತನ್ನ ದಶಕದ ಒಂದು ವಸ್ತುವನ್ನು ಹಿಡಿದು ಕೇಳಬೇಕು: ಇದು ಎಷ್ಟಕ್ಕೆ ಸಿಗುತ್ತಿತ್ತು, ಯಾರ ಮನೆಗೆ ಬಂತು, ಯಾರ ಮನೆಗೆ ಬರಲಿಲ್ಲ, ಯಾಕೆ?

ಒಂದು ಗುಂಪು ಮನೆಯನ್ನೇ ಹಿಡಿಯಿತು. ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲೆಂಡಿನಲ್ಲಿ, ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ, 1947ರಿಂದ ಲೆವಿಟ್‌ಟೌನ್ ಅನ್ನುವ ಊರು ಎದ್ದಿತು. ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆ. ಎಲ್ಲ ಹೆಚ್ಚುಕಮ್ಮಿ ಒಂದೇ ಥರ. ಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ 1944ರ ಕಾನೂನಿನಿಂದ ಸಾಲ ಸಲೀಸಾಗಿ ಸಿಗುತ್ತಿತ್ತು. ಸುಮಾರು 8,000 ಡಾಲರಿಗೆ ಸ್ವಂತ ಮನೆ. ಸಿನಿಮಾ, ಜಾಹೀರಾತುಗಳಲ್ಲಿ ನಾವು ನೋಡುವ 50ರ ದಶಕ ಇದೇ. ಆದರೆ ಆ ಊರಿನ ಕರಾರು ಪತ್ರದಲ್ಲಿ ಬಿಳಿಯರಲ್ಲದವರು ಇಲ್ಲಿ ವಾಸಿಸಬಾರದು ಅಂತ ಬರೆದಿತ್ತು. ಅದೇ ಯುದ್ಧದಲ್ಲಿ ದುಡಿದು ಬಂದ ಕಪ್ಪು ಸೈನಿಕನಿಗೆ ಅಲ್ಲಿ ಬಾಗಿಲಿಲ್ಲ. ಅದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟ್‌ಟೌನಿಗೆ 1957ರಲ್ಲಿ ಒಂದು ಕಪ್ಪು ಕುಟುಂಬ ಬಂದಾಗ, ಮನೆ ಮುಂದೆ ಜನ ಗುಂಪುಗಟ್ಟಿ ಕಲ್ಲು ಹೊಡೆದು ಕಿಟಕಿ ಒಡೆದರು.

ಇನ್ನು ಅಲಬಾಮಾ. ಅಲ್ಲಿನ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಹೆಂಗಸು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ. ಅದು ಎಲ್ಲ ಪುಸ್ತಕದಲ್ಲೂ ಇದೆ. ಆಮೇಲೆ ಬಸ್ಸಿನ ಆ ಭೇದಭಾವ ವಿರೋಧಿಸಿ 381 ದಿನ ಬಸ್ಸು ಹತ್ತದೆ ನಡೆದವರು ಯಾರು? ಅವರಲ್ಲಿ ತುಂಬ ಜನ ಮನೆಗೆಲಸದ ಹೆಂಗಸರು. ದಿನಾ ಬಸ್ಸಿನಲ್ಲಿ ಬಿಳಿಯರ ಬಡಾವಣೆಗೆ ಹೋಗಿ, ಬಟ್ಟೆ ಒಗೆದು, ಅಡುಗೆ ಮಾಡಿ ಬರುತ್ತಿದ್ದವರು. ಈ ಸಾಲನ್ನು ಮುಂದಿನ ಎಲ್ಲ ವರ್ಷವೂ ಬೋರ್ಡಿನ ಮೇಲೆ ನಾನೇ ಬರೆಯುತ್ತಿದ್ದೆ. ಮಕ್ಕಳಿಗೆ ಬಿಡುತ್ತಿರಲಿಲ್ಲ.

ನಿಮ್ಮ ಮೊಮ್ಮಗಳ ಫೋಟೋ ಚೆನ್ನಾಗಿದೆ ಅಂತ ಹೇಳಿ, ಬೇಜಾರು ಮಾಡಬೇಡಿ. ಆಮೇಲೆ ಆ ಸ್ಕರ್ಟಿಗೆ ಇಸ್ತ್ರಿ ಹಾಕುತ್ತಿದ್ದವರು ಯಾರು ಅಂತ ಒಂದು ಮಾತು ಕೇಳಿ.

ಪ್ರಶ್ನೆ: 60ರ ದಶಕ ಅಂದರೆ ಹಿಪ್ಪಿಗಳ ಕಾಲ ಅಲ್ವಾ?
— ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಅದು ದಶಕದ ಕೊನೆಯ ಮೂರ್ನಾಲ್ಕು ವರ್ಷದ ಚಿತ್ರ. ದಶಕ ಶುರುವಾದದ್ದು ನೀಟಾಗಿ ಕೋಟು ಹಾಕಿಕೊಂಡು ಬಂದ ಹುಡುಗರಿಂದ. 1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಕೂತರು. ಮರುದಿನ ಇನ್ನಷ್ಟು ಜನ ಬಂದರು. ಆ ಕೌಂಟರಿನಲ್ಲಿ ಎಲ್ಲರಿಗೂ ಊಟ ಸಿಕ್ಕಿದ್ದು ಜುಲೈ ಕೊನೆಗೆ. ಅವರೆಲ್ಲ ಆಗ ನಿಮ್ಮ ವಯಸ್ಸಿನವರೇ.

ಪ್ರಶ್ನೆ: ಪಾಠ ಮಾಡಲು ನಿಮಗೆ ತುಂಬ ಇಷ್ಟವಾದ ದಶಕ ಯಾವುದು? ಯಾಕೆ?
— ಓದುಗರು, ತುಮಕೂರು

ಉತ್ತರ: 1930ರ ದಶಕ. ಅದು ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತದ ಕಾಲ. ಇಷ್ಟ ಯಾಕಂದರೆ ಆ ಕಷ್ಟ ನನಗೆ ಗುರುತು ಸಿಗುತ್ತದೆ. ನನ್ನ ತವರು ಅರಸೀಕೆರೆ ಕಡೆಯ ಹಳ್ಳಿ. ನಮ್ಮ ಮನೆಗೆ ಕರೆಂಟು ಬಂದಾಗ ನಾನು ಐದನೇ ಕ್ಲಾಸು. ಅಮೆರಿಕದಲ್ಲಿ 30ರ ದಶಕದ ನಡುವಿನಲ್ಲೂ ಹತ್ತು ರೈತರ ಮನೆಯಲ್ಲಿ ಸುಮಾರು ಒಂದರಲ್ಲಿ ಮಾತ್ರ ಕರೆಂಟು ಇತ್ತು ಅಂದರೆ ನನ್ನ ಕ್ಲಾಸಿನ ಮಕ್ಕಳು ನಂಬುತ್ತಿರಲಿಲ್ಲ. ಚಿಕಾಗೊದಲ್ಲಿ ಫ್ರಿಜ್ಜು, ರೇಡಿಯೊ. ಕ್ಯಾನ್ಸಸ್ಸಿನ ಹೊಲದ ಮನೆಯಲ್ಲಿ ಸೀಮೆಎಣ್ಣೆ ದೀಪ. ಎರಡೂ ಒಂದೇ ವರ್ಷದ್ದು. ಹಾಗಿರುವಾಗ ದಶಕ ಅಂದರೆ ಹೀಗಿತ್ತು ಅಂತ ಒಂದೇ ಚಿತ್ರ ಬರೆಯೋಕೆ ಆಗಲ್ಲ.

ಆ ಪಾಠಕ್ಕೆ ನಾನು ಒಯ್ಯುತ್ತಿದ್ದದ್ದು ಬಟ್ಟೆಯ ಚೀಲ. ಆಗ ಹಿಟ್ಟು, ಕೋಳಿ ಮೇವು ಎಲ್ಲ ಹತ್ತಿ ಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಹಳ್ಳಿಯ ತಾಯಂದಿರು ಚೀಲ ಬಿಚ್ಚಿ, ಒಗೆದು, ಮಕ್ಕಳಿಗೆ ಲಂಗ, ಅಂಗಿ ಹೊಲಿಯುತ್ತಿದ್ದರು. ಇದು ಗೊತ್ತಾದ ಮೇಲೆ ಹಿಟ್ಟಿನ ಕಂಪನಿಗಳೇ ಚೀಲದ ಮೇಲೆ ಹೂವು, ಬಳ್ಳಿ ಅಚ್ಚು ಹಾಕಿಸಿದವು. ಹೆಸರಿನ ಚೀಟಿ ಸುಲಭವಾಗಿ ಕಿತ್ತುಬರುವಂತೆ ಮಾಡಿದವು. ದೊಡ್ಡವರ ಒಂದು ಉಡುಪಿಗೆ ಸುಮಾರು ಮೂರು ಚೀಲ ಬೇಕು. ಮೂರೂ ಒಂದೇ ಹೂವಿನದು ಸಿಗಬೇಕಲ್ಲ? ಅದಕ್ಕೆ ಹೆಂಗಸರು ಗಂಡಂದಿರಿಗೆ ಇಂಥದ್ದೇ ಚೀಲ ತನ್ನಿ ಅಂತ ಹೇಳಿ ಕಳಿಸುತ್ತಿದ್ದರು. ಕ್ಲಾಸಿನಲ್ಲಿ ಮಕ್ಕಳ ಕೈಗೆ ಚೀಲ, ಟೇಪು ಕೊಟ್ಟು, ನಿಮ್ಮ ತಂಗಿಗೊಂದು ಲಂಗ ಆಗುತ್ತಾ ಅಳೆಯಿರಿ ಅನ್ನುತ್ತಿದ್ದೆ. ಆಗ ಕಲಿತದ್ದು ಅವರಿಗೆ ಮರೆಯುತ್ತಿರಲಿಲ್ಲ. 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ ಅನ್ನುವ ಲೆಕ್ಕ, ಆ ಚೀಲ ಹಿಡಿದ ಮೇಲೆ ಬೇರೆ ಥರ ಕೇಳಿಸುತ್ತದೆ.

ಆ ವರ್ಷ ಮಾರ್ಚ್ 12ರ ಭಾನುವಾರ ರಾತ್ರಿ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೊದಲ್ಲಿ ಮಾತಾಡಿದರು. ದೇಶದ ಬ್ಯಾಂಕೆಲ್ಲ ಮುಚ್ಚಿದ್ದವು. ಬ್ಯಾಂಕು ಅಂದರೆ ಏನು, ನೀವಿಟ್ಟ ದುಡ್ಡು ಏನಾಗುತ್ತದೆ ಅಂತ ಸರಳವಾಗಿ ವಿವರಿಸಿದರು. ಬ್ಯಾಂಕುಗಳು ಮತ್ತೆ ತೆರೆದಾಗ ಜನ ದುಡ್ಡು ಬಿಡಿಸಲು ಮುಗಿಬೀಳಲಿಲ್ಲ, ವಾಪಸ್ ಕಟ್ಟಲು ಸಾಲು ನಿಂತರು. ಓದುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಆದರೆ ಅವರದೇ ಸರ್ಕಾರ 1935ರಲ್ಲಿ ತಂದ ವೃದ್ಧಾಪ್ಯ ಪಿಂಚಣಿಯ ಕಾನೂನಿನಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಅವರಲ್ಲಿ ಅನೇಕರನ್ನು ಸೇರಿಸಿಕೊಂಡದ್ದು 1950ರ ತಿದ್ದುಪಡಿಯಲ್ಲಿ. ಮೊದಲು ಹೇಳಿದ ಏಪ್ರನ್ನಿನ ಅಜ್ಜಿಯಂಥವರ ದುಡಿಮೆ 15 ವರ್ಷ ಆ ಲೆಕ್ಕಕ್ಕೇ ಬರಲಿಲ್ಲ. ಎರಡೂ ಒಂದೇ ಪಾಠದಲ್ಲಿ ಹೇಳಬೇಕು.

ಪ್ರಶ್ನೆ: ಈ ದಶಕಗಳಲ್ಲಿ ನಮ್ಮವರು ಎಲ್ಲಿದ್ದರು?
— ಓದುಗರು, ಉಡುಪಿ

ಉತ್ತರ: ಬಾಗಿಲ ಹೊರಗೆ. 1923ರಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡೋಕಾಗಲ್ಲ ಅಂತ ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1946ರಲ್ಲಿ ಪೌರತ್ವಕ್ಕೆ ದಾರಿಯಾಯಿತು, ಆದರೆ ವಲಸೆಗೆ ಅವಕಾಶ ವರ್ಷಕ್ಕೆ 100 ಜನಕ್ಕೆ ಮಾತ್ರ. ಹತ್ತೇ ವರ್ಷಕ್ಕೆ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಅಲ್ಲಿನ ಸಂಸತ್ತಿಗೇ ಗೆದ್ದರು. 1965ರ ವಲಸೆ ಕಾನೂನು ಬಂದ ಮೇಲೆ ಡಾಕ್ಟರು, ಇಂಜಿನಿಯರುಗಳು ಹೊರಟರು. ಕನ್ನಡದವರು ಜಾಸ್ತಿ ಹೋದದ್ದು ಆಮೇಲೆಯೇ. ನಾನು 1986ರಲ್ಲಿ ಪ್ರೆಷರ್ ಕುಕ್ಕರ್ ಕಟ್ಟಿಕೊಂಡು ಹೋದೆ. ಥಿಂಡ್ ಹೆಸರು ನಾನು ಮೊದಲು ಕೇಳಿದ್ದು ಅಲ್ಲಿ ಪಾಠ ಮಾಡಲು ಶುರು ಮಾಡಿದ ಮೇಲೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜಗತ್ತಿನ ಇತಿಹಾಸಕ್ಕೆ ಬಂದಾಗ ಇದನ್ನು ನಮ್ಮ ಕ್ಲಾಸಿನಲ್ಲಿ ಮಾಡಬಹುದಾ? ಖರ್ಚಿಗೆ ದುಡ್ಡಿಲ್ಲ.
— ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಉತ್ತರ: ಖಂಡಿತ ಮಾಡಿ. ಅಮೆರಿಕದ ಸರ್ಕಾರ 1935ರಿಂದ ಹಳ್ಳಿಹಳ್ಳಿಗೆ ಫೋಟೋಗ್ರಾಫರುಗಳನ್ನು ಕಳಿಸಿತ್ತು. ಅವರು ತೆಗೆದ 1 ಲಕ್ಷ 70 ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳು ಅಲ್ಲಿನ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ನೋಡಬಹುದು. ಅವರಲ್ಲಿ ಒಬ್ಬರಾದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ತಾಯಿ-ಮಕ್ಕಳ ಫೋಟೋ ಒಂದು ಸಾಕು, ಒಂದು ಪಿರಿಯಡ್ ತುಂಬುತ್ತದೆ. ಇಸವಿ ಮೊದಲೇ ಹೇಳಬೇಡಿ. ಐದು ನಿಮಿಷ ಸುಮ್ನೆ ನೋಡಲಿ. ಆ ತಾಯಿಯ ತೋಳಿನ ಬಟ್ಟೆ ನೋಡಿ, ಕೈ ಎಲ್ಲಿದೆ ನೋಡಿ, ಮಕ್ಕಳು ಯಾಕೆ ಮುಖ ತಿರುಗಿಸಿದ್ದಾರೆ ಅಂತ ಕೇಳಿ. ನಿಮ್ಮ ಮಕ್ಕಳಲ್ಲಿ ಅಡಿಕೆ ಸುಲಿಯಲು ಹೋಗುವ ತಾಯಂದಿರ ಮಕ್ಕಳು ಇರುತ್ತಾರೆ. ಅವರನ್ನು ಮೊದಲು ಮಾತಾಡಿಸಿ.