‘ಯಾಕೋ’ ಅನ್ನುವ ಆ ಒಂದು ಮಾತು
2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’ ಈಗಲೂ ಯಾಕೆ ಕಾಡುತ್ತದೆ, ಬರೀ ವಯಸ್ಸಿನ ಹುಚ್ಚಾ ಅಂತ ಕೇಳಿದ್ದೀರಿ. ವಯಸ್ಸೂ ಹೌದು. ಆದರೆ ಜಯಂತ ಕಾಯ್ಕಿಣಿಯವರ ಆ ‘ಯಾಕೋ’ ನೋಡಿ, ನಾವು ದಿನಾ ಆಡುವ ಮಾತು. ಪ್ರೀತಿಯನ್ನು ಖಡಾಖಂಡಿತ ಹೇಳುವುದಿಲ್ಲ, ಸುಮ್ನೆ ಹಾಗನಿಸಿತು ಅನ್ನುತ್ತದೆ. ಮನೋಮೂರ್ತಿಯವರ ರಾಗಕ್ಕೂ ಅವಸರವಿಲ್ಲ.

ನನಗಂತೂ ಇದು ಶಿವಮೊಗ್ಗ–ತೀರ್ಥಹಳ್ಳಿ ಬಸ್ಸಿನ ಹಾಡು. ಮಂಡಗದ್ದೆ ಹತ್ತಿರ ಜೋರು ಮಳೆ, ಕಿಟಕಿ ಸಂದಿಯಿಂದ ತೊಡೆ ಮೇಲೆ ತೊಟ್ಟಿಕ್ಕುವ ನೀರು, ಡ್ರೈವರ್ ತಲೆ ಮೇಲಿನ ಸ್ಪೀಕರಿನ ಕರಕರ. ಸೋನು ನಿಗಮ್ ದನಿ ಅರ್ಧ ಕೇಳುತ್ತಿತ್ತು, ಉಳಿದರ್ಧ ಹಿಂದಿನ ಸೀಟಿನ ಕಾಲೇಜು ಹುಡುಗರು ಹಾಡುತ್ತಿದ್ದರು, ಶ್ರುತಿ ಮಾತ್ರ ಕೇಳಬೇಡಿ! ಈಗ ಒಳ್ಳೆ ಇಯರ್‌ಫೋನಿನಲ್ಲಿ ಕೇಳಿದರೂ ಏನೋ ಕಮ್ಮಿ. ಆ ಕರಕರ ಇಲ್ಲ ಅಲ್ವಾ.